ಹದ ನೋಡಿ ಸೊರಗಿಸಿದ ರೋಗಾಣು: ಸಾಕುಮೀನಿಗೆ ಜೀವಂತ ಲಸಿಕೆ

ಮೂಡಿಗೆರೆ ಕಡೆ ಮಾರ್ಚ್ ತಿಂಗಳೆಂದರೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಕಾಫಿ ಅರಳಿಸುವ ಹೂಮಳೆ ಬಂದರೆ ಸರಿ, ಬಾರದಿದ್ದರೆ ತೋಟದ ಕೆರೆಗೆ ಪೈಪು ಇಳಿಸಿ ಸ್ಪ್ರಿಂಕ್ಲರ್ ಹಾರಿಸಲೇಬೇಕು. ಕೆಲವೇ ದಿನಗಳಲ್ಲಿ ಕೆರೆಯ ನೀರು ಎದೆಮಟ್ಟದಿಂದ ಮೊಣಕಾಲಿಗೆ ಇಳಿಯುತ್ತದೆ. ಹೋದ ವರ್ಷ ಗೆಳೆಯರೊಬ್ಬರ ತೋಟದಲ್ಲಿ ಹೀಗೆ ನೀರು ಇಳಿದ ಮೂರನೆಯ ದಿನ ಬೆಳಿಗ್ಗೆ ಕಾಟ್ಲಾ ಮೀನುಗಳು ದಡದ ಬಳಿ ಬಂದು ಸೋತವರಂತೆ ತೇಲಾಡುತ್ತಿದ್ದವು. ಒಂದನ್ನು ಕೈಬಲೆಯಲ್ಲಿ ಎತ್ತಿದೆವು. ಹೊಟ್ಟೆ ಉಬ್ಬಿತ್ತು. ಈಜುರೆಕ್ಕೆಗಳ ಬುಡದಲ್ಲಿ ರಕ್ತ ಒತ್ತರಿಸಿ ಬಂದಂತೆ ಕೆಂಪು ಮಚ್ಚೆಗಳು. ಬೆರಳಿನಿಂದ ಸವರಿದರೆ ಹುರುಪೆಗಳು ಬುಡದಿಂದ ಎದ್ದು ನಿಂತಿರುವುದು ತಿಳಿಯುತ್ತಿತ್ತು. ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕಡುಗೆಂಪಾಗಿ ಇರಬೇಕಾದ ಎಳೆಗಳು ಬಿಳಿಚಿಕೊಂಡಿದ್ದವು.

ಗೆಳೆಯರು ಮೀನನ್ನು ಬಕೆಟ್ಟಿಗೆ ಹಾಕಿ ಕೈ ತೊಳೆದುಕೊಂಡು ಕೇಳಿದರು: “ಅಲ್ಲ ಮಾರಾಯರೇ, ಕೋಳಿಗೆ ಲಸಿಕೆ ಇದೆ, ದನಕ್ಕೆ ಇದೆ, ನಾಯಿಗೂ ಇದೆ. ಮೀನಿಗೆ ಯಾಕೆ ಇಲ್ಲ?”

ಮೀನಿಗೂ ಲಸಿಕೆ ಇದೆ, ಅದೂ ನಾವು ಊಹಿಸುವುದಕ್ಕಿಂತ ಬಹಳ ಹಿಂದಿನಿಂದ. ಆದರೆ ಕಾಟ್ಲಾದಂಥ ನಮ್ಮ ಗೆಂಡೆ ಮೀನಿನ ಕೆರೆಗೆ ಒಗ್ಗುವಂಥದು ಯಾವುದು, ಅದನ್ನು ಮಾಡುವುದು ಯಾಕೆ ಕಷ್ಟ ಎಂಬುದನ್ನು ಆ ಬೆಳಿಗ್ಗೆ ನಿಂತ ನಿಲುವಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಈಗ ಸಮಾಧಾನವಾಗಿ ಹೇಳುತ್ತೇನೆ.

ಮೊದಲು ರೋಗದ ವಿಚಾರ. ಮೇಲೆ ಹೇಳಿದ ಲಕ್ಷಣಗಳು ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾ ಗುಂಪಿನ ಕಾಟಕ್ಕೆ ಸರಿಹೊಂದುತ್ತವೆ. ಅದರಲ್ಲೂ ಏರೋಮೊನಾಸ್ ಹೈಡ್ರೋಫಿಲಾ ಎಂಬುದು ಸಿಹಿನೀರಿನ ಮೀನು ಸಾಕುವವರಿಗೆಲ್ಲ ಹಳೆಯ ಶತ್ರು. ಅದು ಎಲ್ಲಿಂದಲೋ ಬಂದು ಸೇರುವ ರೋಗಾಣುವಲ್ಲ. ಕೆರೆ, ಹೊಳೆ, ಕೃಷಿಹೊಂಡ, ಎಲ್ಲ ನೀರಿನಲ್ಲೂ ಇದ್ದೇ ಇರುತ್ತದೆ. ಮೀನು ಗಟ್ಟಿಯಾಗಿದ್ದಾಗ ತೆಪ್ಪಗಿದ್ದು, ನೀರು ಕಡಿಮೆಯಾಗಿ, ಬಿಸಿಲೇರಿ, ಆಮ್ಲಜನಕ ಇಳಿದು, ಮೀನುಗಳು ಒಂದಕ್ಕೊಂದು ಉಜ್ಜಿಕೊಂಡು ಮೈ ತರಚಿದಾಗ ಒಳಗೆ ನುಗ್ಗುತ್ತದೆ. ಅಂದರೆ ನಾವು ಕಾಫಿಗೆ ನೀರು ಹಾರಿಸುವ ದಿನಗಳೇ ಅದಕ್ಕೆ ಸುಗ್ಗಿ. ಇದರ ಜೊತೆಗೆ ಕಿವಿರನ್ನು ಕೊಳೆಸುವ ಫ್ಲಾವೊಬ್ಯಾಕ್ಟೀರಿಯಂ ಕಾಲಮ್ನೇರ್, ಒಳಾಂಗಗಳಲ್ಲಿ ಬೇರೂರುವ ಎಡ್ವರ್ಡ್ಸಿಯೆಲ್ಲಾ, ಜಿಲೇಬಿ ಮೀನನ್ನು, ಅಂದರೆ ತಿಲಾಪಿಯಾವನ್ನು, ಕಾಡುವ ಸ್ಟ್ರೆಪ್ಟೊಕಾಕಸ್ ಇವೆ. ಸಿಹಿನೀರಿನ ಸಾಕುಮೀನಿನ ಮುಖ್ಯ ಬ್ಯಾಕ್ಟೀರಿಯಾ ರೋಗಗಳಲ್ಲಿ ಬಹುಪಾಲು ಈ ನಾಲ್ಕು ಮನೆತನದವೇ.

ರೋಗ ಕಂಡೊಡನೆ ಅಂಗಡಿಗೆ ಹೋಗಿ ಆಂಟಿಬಯೋಟಿಕ್ ಪುಡಿ ತಂದು ನೀರಿಗೆ ಎರಚುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರಿಂದ ಮೀನಿಗೆ ಆಗುವ ಉಪಕಾರ ಅಲ್ಪ, ಕೆರೆಗೆ ಆಗುವ ಅಪಕಾರ ದೊಡ್ಡದು. ಮೇವಿನಲ್ಲಿ ಬೆರೆಸಿ ಕೊಟ್ಟರೂ ಕಾಯಿಲೆ ಬಿದ್ದ ಮೀನು ಮೇವು ಮುಟ್ಟುವುದಿಲ್ಲ. ಗಟ್ಟಿಯಾಗಿರುವ ಮೀನು ತಿನ್ನುತ್ತದೆ, ಉಳಿದದ್ದು ಕೆಸರಿಗೆ ಇಳಿಯುತ್ತದೆ. ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಆ ಔಷಧ ದಿನದಿನಕ್ಕೆ ಅಭ್ಯಾಸವಾಗುತ್ತ ಹೋಗುತ್ತದೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಂಥ ಔಷಧಗಳನ್ನು ಮೀನು ಸಾಕಣೆಯಲ್ಲಿ ಬಳಸಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ.

ಲಸಿಕೆಯಿಂದ ಏನಾಗಬಹುದು ಎಂಬುದಕ್ಕೆ ನಾರ್ವೆ ದೇಶದ ಲೆಕ್ಕ ನೋಡಬೇಕು. 1987ರಲ್ಲಿ ಅಲ್ಲಿನ ಸಾಲ್ಮನ್ ಸಾಕಣೆಗೆ ಸುಮಾರು 48 ಟನ್ ಆಂಟಿಬಯೋಟಿಕ್ ಸುರಿಯುತ್ತಿದ್ದರು. ಲಸಿಕೆ ಬಂದ ಮೇಲೆ ಮೀನಿನ ಉತ್ಪಾದನೆ ಹತ್ತಾರು ಪಟ್ಟು ಬೆಳೆಯಿತು, ಆಂಟಿಬಯೋಟಿಕ್ ಬಳಕೆ ವರ್ಷಕ್ಕೆ ಒಂದು ಟನ್ನಿನ ಆಸುಪಾಸಿಗೆ, ಕೆಲವು ವರ್ಷ ಅದಕ್ಕಿಂತಲೂ ಕೆಳಗೆ ಇಳಿಯಿತು. ಈ ಲೆಕ್ಕವನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಆದರೆ ಅಲ್ಲಿ ಗೆದ್ದದ್ದು ಸತ್ತ ಲಸಿಕೆ. ಬ್ಯಾಕ್ಟೀರಿಯಾವನ್ನು ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು, ಎಣ್ಣೆಯಲ್ಲಿ ಕಲಸಿ, ಒಂದೊಂದೇ ಮೀನಿನ ಹೊಟ್ಟೆಗೆ ಸೂಜಿಯಲ್ಲಿ ಕೊಡುತ್ತಾರೆ. ಸಾಲ್ಮನ್ ದುಬಾರಿ ಮೀನು, ಸೂಜಿ ಹಾಕುವ ಯಂತ್ರಗಳೂ ಇವೆ; ಆ ಖರ್ಚು ಅವರಿಗೆ ಗಿಟ್ಟುತ್ತದೆ. ನಮ್ಮಲ್ಲಿ ಒಂದು ಎಕರೆ ಕೆರೆಗೆ ಎರಡು ಸಾವಿರದಷ್ಟು ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುತ್ತೇವೆ. ಒಂದೊಂದು ಮರಿ ಕಿರುಬೆರಳಿನಷ್ಟು, ಬೆಲೆಯೋ ಪುಡಿಗಾಸು. ಅದನ್ನು ಹಿಡಿದು ಸೂಜಿ ಚುಚ್ಚುವುದೆಂದರೆ ಅಕ್ಕಿಕಾಳಿನ ಮೇಲೆ ಹೆಸರು ಬರೆದಂತೆ. ಸೂಜಿ ಬೇಡ ಎಂದರೆ ಉಳಿಯುವ ದಾರಿ ಎರಡೇ: ಲಸಿಕೆ ಬೆರೆಸಿದ ನೀರಿನಲ್ಲಿ ಮರಿಗಳನ್ನು ಅದ್ದುವುದು, ಇಲ್ಲವೇ ಮೇವಿನಲ್ಲಿ ಕೊಡುವುದು. ಜೀವಂತ ಲಸಿಕೆಯ ಮಾತು ಬರುವುದು ಇಲ್ಲಿಯೇ.

ಸತ್ತ ಬ್ಯಾಕ್ಟೀರಿಯಾ, ಬದುಕಿರುವ ಬ್ಯಾಕ್ಟೀರಿಯಾ

ಜೀವಂತ ಲಸಿಕೆ, ಅಂದರೆ ಉಗ್ರತನ ಸೊರಗಿಸಿದ, ಬದುಕಿರುವ ರೋಗಾಣು, ಎಂದೊಡನೆ ಬೆಚ್ಚಬೇಕಾಗಿಲ್ಲ. ನಮ್ಮ ಹಿತ್ತಿಲ ಕೋಳಿಮರಿಗಳಿಗೆ ಕೊಕ್ಕರೆ ರೋಗ ಬಾರದಿರಲೆಂದು ಕಣ್ಣಿಗೆ ಬಿಡುವ ಲಸೋಟಾ ಹನಿ ಜೀವಂತ ವೈರಸ್ಸೇ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಕಂದು ಹಾಕುವ ರೋಗದ ವಿರುದ್ಧ ಹಾಕುವ ಎಸ್-19 ಲಸಿಕೆಯಲ್ಲಿರುವುದು ಜೀವಂತ ಬ್ರುಸೆಲ್ಲಾ ಬ್ಯಾಕ್ಟೀರಿಯಾ. ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. 1923ರಲ್ಲಿ ಜಾನ್ ಬಕ್ ಎಂಬ ವಿಜ್ಞಾನಿ ಒಂದು ಜರ್ಸಿ ಹಸುವಿನ ಹಾಲಿನಿಂದ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಪ್ರಯೋಗಾಲಯದ ಮಾಮೂಲಿ ಬಿಸಿಯಲ್ಲಿ ಅದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದುಹೋಯಿತು. ಮರಳಿ ಪರೀಕ್ಷಿಸಿದಾಗ ಅದರ ಉಗ್ರತನ ಇಳಿದಿತ್ತು, ರಕ್ಷಣೆ ಕೊಡುವ ಗುಣ ಉಳಿದಿತ್ತು. ನಮ್ಮ ತೋಳಿನ ಮೇಲೆ ಗುರುತು ಬಿಟ್ಟಿರುವ ಬಿಸಿಜಿ ಕೂಡ ಜೀವಂತ ಬ್ಯಾಕ್ಟೀರಿಯಾ ಲಸಿಕೆ. ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ಫ್ರಾನ್ಸಿನಲ್ಲಿ 1908ರಿಂದ 13 ವರ್ಷ, 230 ಸಲ, ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಮತ್ತೆ ಮತ್ತೆ ಬೆಳೆಸಿ ಅದನ್ನು ಸೊರಗಿಸಿದರು.

ಸತ್ತದ್ದಕ್ಕೂ ಬದುಕಿದ್ದಕ್ಕೂ ಏನು ವ್ಯತ್ಯಾಸ? ಬದುಕಿರುವ ಬ್ಯಾಕ್ಟೀರಿಯಾ ತಾನೇ ದಾರಿ ಹುಡುಕಿಕೊಂಡು ಮೀನಿನ ಒಳಗೆ ಹೋಗುತ್ತದೆ. ಕಿವಿರು, ಚರ್ಮದ ಲೋಳೆ, ಕರುಳು, ನಿಜವಾದ ರೋಗಾಣು ಯಾವ ಬಾಗಿಲಿನಿಂದ ನುಗ್ಗುತ್ತದೋ ಅದೇ ಬಾಗಿಲಿನಿಂದ ನುಗ್ಗುತ್ತದೆ. ಸತ್ತದ್ದು ಹಾಗೆ ಹೋಗಲಾರದು. ನೀರಿನಲ್ಲಿ ಮೈಗೆ ತಾಗಿ ಜಾರಿಹೋಗುವುದೇ ಹೆಚ್ಚು, ಮೇವಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲಿ ಮೇವಿನೊಂದಿಗೇ ಜೀರ್ಣವಾಗುತ್ತದೆ. ಒಳಗೆ ಹೋದ ಜೀವಂತ ಬ್ಯಾಕ್ಟೀರಿಯಾ ಕೆಲವು ದಿನ ಅಲ್ಲಲ್ಲಿ ಸ್ವಲ್ಪ ಬೆಳೆಯುವುದರಿಂದ ಮೀನಿನ ರಕ್ಷಣಾ ಪಡೆಗೆ ಅದನ್ನು ನೋಡಿ ಕಲಿಯಲು ಬೇಕಾದಷ್ಟು ಸಮಯ ಸಿಗುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಆಳವಾದದ್ದು. ರಕ್ತದಲ್ಲಿ ತೇಲುವ ಪ್ರತಿಕಾಯಗಳು ಜೀವಕೋಶದ ಹೊರಗಿರುವ ಶತ್ರುವನ್ನು ಹಿಡಿಯಬಲ್ಲವು. ಎಡ್ವರ್ಡ್ಸಿಯೆಲ್ಲಾ ಮಾಡುವುದೇನೆಂದರೆ, ತನ್ನನ್ನು ನುಂಗಿ ಕೊಲ್ಲಲು ಬಂದ ಭಕ್ಷಕ ಕೋಶದ ಹೊಟ್ಟೆಯೊಳಗೇ ಕೂತು ಸಂಸಾರ ಹೂಡುತ್ತದೆ. ಪೊಲೀಸ್ ಠಾಣೆಯೊಳಗೇ ಮನೆ ಮಾಡಿದ ಕಳ್ಳನನ್ನು ಬೀದಿ ಗಸ್ತಿನವರು ಹಿಡಿಯುವುದು ಹೇಗೆ? ಅದಕ್ಕೆ ಸೋಂಕು ತಗುಲಿದ ಕೋಶವನ್ನೇ ಗುರುತಿಸಿ ಹೊಡೆಯುವ ಬೇರೊಂದು ಪಡೆ ಬೇಕು. ಸೊರಗಿದ ಎಡ್ವರ್ಡ್ಸಿಯೆಲ್ಲಾವೂ ಅದೇ ಕೋಶದೊಳಗೆ ಹೋಗಿ ಕೂರುವುದರಿಂದ ಆ ಪಡೆಗೆ ತರಬೇತಿ ಸಿಗುತ್ತದೆ. ಸತ್ತ ಲಸಿಕೆ ಆ ತರಬೇತಿಯನ್ನು ಅಷ್ಟು ಚೆನ್ನಾಗಿ ಕೊಡಲಾರದು.

ಮೀನಿಗೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟುವುದಿಲ್ಲ. ಆ ಕೆಲಸವನ್ನು ಮೂತ್ರಪಿಂಡದ ಮುಂಭಾಗ ಮಾಡುತ್ತದೆ. ರಕ್ಷಣಾ ಕೋಶಗಳನ್ನು ಬಲಿಸುವ ಥೈಮಸ್ ಇದೆ, ರಕ್ತ ಸೋಸುವ ಗುಲ್ಮ ಇದೆ, ಲೋಳೆಯಲ್ಲಿ ಕಾವಲು ಕಾಯುವ ಪ್ರತ್ಯೇಕ ಪ್ರತಿಕಾಯವೂ ಇದೆ. ನೆನಪಿನ ಶಕ್ತಿಯೂ ಇದೆ. ಆದರೆ ಮೀನಿನ ಮೈಬಿಸಿ ನೀರಿನ ಬಿಸಿಯನ್ನು ಅನುಸರಿಸುವುದರಿಂದ ಕಲಿಕೆಯ ವೇಗವೂ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ಸಾಲ್ಮನ್ ಸಾಕುವವರು ಇದನ್ನು ಡಿಗ್ರಿ-ದಿನ ಎಂದು ಲೆಕ್ಕ ಹಾಕುತ್ತಾರೆ: ನೀರಿನ ಉಷ್ಣಾಂಶವನ್ನು ದಿನಗಳಿಂದ ಗುಣಿಸಿದರೆ ಬರುವ ಸಂಖ್ಯೆ. ಲಸಿಕೆ ಕೈಹಿಡಿಯಲು 500 ಡಿಗ್ರಿ-ದಿನ ಬೇಕು ಎಂದುಕೊಂಡರೆ 10 ಡಿಗ್ರಿ ನೀರಿನಲ್ಲಿ 50 ದಿನ, 25 ಡಿಗ್ರಿ ನೀರಿನಲ್ಲಿ 20 ದಿನ. ನಮ್ಮ ಗೆಂಡೆಗಳಿಗೆ ಈ ಸಂಖ್ಯೆಯನ್ನು ಬೇರೆಯಾಗಿಯೇ ಅಳೆಯಬೇಕು. ಆದರೂ ತತ್ತ್ವ ಒಂದೇ. ಮಲೆನಾಡಿನಲ್ಲಿ ಡಿಸೆಂಬರ್ ಚಳಿಗೆ ಕೊಟ್ಟ ಲಸಿಕೆಯೂ ಕಡೂರಿನ ಬಯಲಿನಲ್ಲಿ ಏಪ್ರಿಲ್‌ಗೆ ಕೊಟ್ಟ ಲಸಿಕೆಯೂ ಒಂದೇ ವೇಗದಲ್ಲಿ ಕೆಲಸ ಮಾಡವು.

ಸೊರಗಿಸುವ ಕೆಲಸ

ಇಡೀ ವಿದ್ಯೆ ಇರುವುದು ಹದದಲ್ಲಿ. ಬೆಲ್ಲದ ಪಾಕಕ್ಕೆ ಹೇಗೆ ಒಂದೆಳೆ ಹೆಚ್ಚಾದರೂ ಕಡಿಮೆಯಾದರೂ ಕೆಟ್ಟಿತೋ ಹಾಗೆಯೇ ಇದಕ್ಕೂ. ರೋಗಾಣು ಸಾಕಷ್ಟು ಸೊರಗದಿದ್ದರೆ ಲಸಿಕೆಯೇ ರೋಗವಾಗುತ್ತದೆ. ಅತಿಯಾಗಿ ಸೊರಗಿದರೆ ಮೀನಿನ ಮೈ ಅದನ್ನು ಗಮನಿಸುವ ಮೊದಲೇ ಸತ್ತುಹೋಗುತ್ತದೆ, ಸತ್ತ ಲಸಿಕೆಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಈ ಹದ ಸಾಧಿಸುವ ಹಳೆಯ, ಇಂದಿಗೂ ಚಾಲ್ತಿಯಲ್ಲಿರುವ ದಾರಿಯೊಂದನ್ನು ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದವರು ಹಿಡಿದರು. ಅವರ ಕ್ಯಾಟ್‌ಫಿಶ್ ಸಾಕಣೆಯನ್ನು ಎಡ್ವರ್ಡ್ಸಿಯೆಲ್ಲಾ ಇಕ್ಟಲುರಿ ಎಂಬ ಬ್ಯಾಕ್ಟೀರಿಯಾ ಹೈರಾಣ ಮಾಡಿತ್ತು. ಅವರು ಮಾಡಿದ್ದು ಹೀಗೆ. ಗಾಜಿನ ತಟ್ಟೆಯಲ್ಲಿ ಪೋಷಕಾಂಶ ಬೆರೆಸಿದ ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ಹರಡಿ, ಅದರಲ್ಲಿ ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ಬೆರೆಸಿ, ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಅದರ ಮೇಲೆ ಸವರುವುದು. ಎಲ್ಲ ಸಾಯುತ್ತವೆ, ಎಲ್ಲೋ ಒಂದೆರಡು ಚುಕ್ಕೆಗಳು ಬದುಕಿ ಬೆಳೆಯುತ್ತವೆ. ಆ ಚುಕ್ಕೆಯನ್ನು ತಂತಿಯ ತುದಿಯಲ್ಲಿ ಎತ್ತಿ ಔಷಧವಿರುವ ಇನ್ನೊಂದು ತಟ್ಟೆಗೆ ದಾಟಿಸುವುದು. ಹೀಗೆ ಮತ್ತೆ, ಮತ್ತೆ. 33ನೆಯ ದಾಟಿಗೆ ಸಿಕ್ಕ ತಳಿಗೆ ಆರ್‌ಇ-33 ಎಂದು ಹೆಸರಿಟ್ಟರು. ಅದು ಕ್ಯಾಟ್‌ಫಿಶ್ ಮರಿಗಳಿಗೆ ಪರವಾನಗಿ ಪಡೆದ ಜೀವಂತ ಲಸಿಕೆಯಾಯಿತು. ಅದೇ ಬಗೆಯಲ್ಲಿ ಕಾಲಮ್ನೇರ್‌ಗೂ ಒಂದು ಲಸಿಕೆ ಬಂತು.

ಇಲ್ಲಿ ಆಂಟಿಬಯೋಟಿಕ್ ಮಾಡುವುದು ಜರಡಿಯ ಕೆಲಸ. ರಿಫಾಂಪಿಸಿನ್ ಹೋಗಿ ಅಂಟಿಕೊಳ್ಳುವುದು ಬ್ಯಾಕ್ಟೀರಿಯಾ ತನ್ನ ವಂಶವಾಹಿಗಳ ನಕಲು ತೆಗೆಯಲು ಬಳಸುವ ಯಂತ್ರಕ್ಕೆ. ಆ ಯಂತ್ರದ ಒಂದು ಬಿಡಿಭಾಗ ಸೊಟ್ಟಗಾದ ಬ್ಯಾಕ್ಟೀರಿಯಾ ಮಾತ್ರ ಔಷಧದಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಯಂತ್ರ ಸೊಟ್ಟಗಾದ ಮೇಲೆ ಉಳಿದ ಕೆಲಸಗಳೂ ಮೊದಲಿನಂತೆ ನಡೆಯುವುದಿಲ್ಲ. ಆರ್‌ಇ-33ರ ಹೊರಕವಚದಲ್ಲಿ ಇರಬೇಕಾದ ಸಕ್ಕರೆಯ ಉದ್ದನೆಯ ಸರಪಳಿಗಳು ಕಾಣೆಯಾಗಿದ್ದವು. ಆ ಕವಚ ಇಲ್ಲದ ಬ್ಯಾಕ್ಟೀರಿಯಾ ಮೀನಿನೊಳಗೆ ಹೆಚ್ಚು ದಿನ ನಿಲ್ಲಲಾರದು. 2009ರಲ್ಲಿ ಅಲಬಾಮಾದ ಕ್ಯಾಟ್‌ಫಿಶ್ ಹೊಂಡಗಳಲ್ಲಿ ಏರೋಮೊನಾಸ್ ಹೈಡ್ರೋಫಿಲಾದ ಬಹು ಉಗ್ರ ತಳಿಯೊಂದು ಎದ್ದಾಗ ಅದೇ ಪ್ರಯೋಗಾಲಯದವರು ನೊವೊಬಯೋಸಿನ್ ಮತ್ತು ರಿಫಾಂಪಿಸಿನ್ ಎರಡರ ಜರಡಿ ಹಿಡಿದು ಸೊರಗಿದ ತಳಿಗಳನ್ನು ತೆಗೆದು, ಕ್ಯಾಟ್‌ಫಿಶ್ ಮತ್ತು ತಿಲಾಪಿಯಾ ಎರಡರಲ್ಲೂ ರಕ್ಷಣೆ ಸಿಗುತ್ತದೆ ಎಂದು 2011ರಲ್ಲಿ ತೋರಿಸಿದರು. ನಮ್ಮ ಕೆರೆಯ ಶತ್ರುವಿನ ದಾಯಾದಿಯೇ ಅದು ಎಂಬ ಕಾರಣಕ್ಕೆ ನನಗೆ ಆ ಸುದ್ದಿ ಮುಖ್ಯ.

ಈ ದಾರಿಯ ದೋಷ ಎರಡು. ಒಂದು, ಬ್ಯಾಕ್ಟೀರಿಯಾ ಎಲ್ಲೆಲ್ಲಿ ಕೆಟ್ಟಿದೆ ಎಂಬುದು ಕುರುಡು ಆಟ. ಕೆಟ್ಟದ್ದು ಮತ್ತೆ ಸರಿಹೋಗದೆಂದು ಸಾಧಿಸಿ ತೋರಿಸುವುದು ಕಷ್ಟ. ಇನ್ನೊಂದು, ರಿಫಾಂಪಿಸಿನ್ ಕ್ಷಯರೋಗಕ್ಕೆ ನಾವು ನೆಚ್ಚಿಕೊಂಡಿರುವ ಮದ್ದು. ಈ ನಿರೋಧ ಬ್ಯಾಕ್ಟೀರಿಯಾದ ಮೂಲ ವರ್ಣತಂತುವಿನಲ್ಲೇ ಕೂತಿರುವುದರಿಂದ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಆದರೂ ಕೆರೆಗೆ ನಿರೋಧಕ ಬ್ಯಾಕ್ಟೀರಿಯಾ ಬಿಡುವ ಮೊದಲು ಹತ್ತು ಸಲ ಯೋಚಿಸಬೇಕು ಎನ್ನುವವರ ಪಕ್ಷಕ್ಕೇ ನಾನು ಸೇರಿದವನು.

ಎರಡನೆಯ ದಾರಿ ಕುರುಡಾಟವಲ್ಲ, ಕತ್ತರಿ ಪ್ರಯೋಗ. ಬ್ಯಾಕ್ಟೀರಿಯಾಕ್ಕೆ ಬದುಕಲು ಬೇಕಾದ ಕೆಲವು ಆರೊಮ್ಯಾಟಿಕ್ (ಉಂಗುರದ ರಚನೆಯ) ಸಂಯುಕ್ತಗಳನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆಗೆ ಬೇಕಾದ ವಂಶವಾಹಿಗಳಲ್ಲಿ ಆರೋ-ಎ ಎಂಬುದು ಒಂದು. ಪ್ರಾಣಿಗಳ ಮೈಯಲ್ಲಿ ಆ ತಯಾರಿಕೆಯ ಸಾಲೇ ಇಲ್ಲ. ಆರೋ-ಎ ಕತ್ತರಿಸಿಬಿಟ್ಟರೆ ಪ್ರಯೋಗಾಲಯದಲ್ಲಿ ಆ ಸಂಯುಕ್ತಗಳನ್ನು ಬೆರೆಸಿ ಕೊಟ್ಟಾಗ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ. ಮೀನಿನೊಳಗೆ ಹೋದಾಗ ಬೇಕಾದದ್ದು ಸಿಗದೆ ನಾಲ್ಕಾರು ತಲೆಮಾರಿನಲ್ಲಿ ಉಪವಾಸ ಬೀಳುತ್ತದೆ. ಸ್ಪೇನ್‌ನ ವಿಜ್ಞಾನಿಗಳು ಏರೋಮೊನಾಸ್ ಹೈಡ್ರೋಫಿಲಾದಲ್ಲಿ ಇದೇ ಕತ್ತರಿ ಹಾಕಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಕತ್ತರಿಸಿ ತೆಗೆದ ತುಂಡು ತಾನಾಗಿ ಮರಳಿ ಹುಟ್ಟಲಾರದು ಎಂಬುದು ಇದರ ದೊಡ್ಡ ಬಲ. ಆದರೆ ವಂಶವಾಹಿಗೆ ಕೈಹಾಕಿದ ಜೀವಿಯನ್ನು ಹೊರಗೆ ಬಿಡಬೇಕಾದರೆ ನಮ್ಮಲ್ಲಿ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳ ಹೊಸ್ತಿಲು ದಾಟಬೇಕು. ಆ ಹೊಸ್ತಿಲು ಎತ್ತರವಾಗಿರುವುದು ಸರಿಯೇ.

ಮೂರನೆಯದು ನೆಂಟನನ್ನು ಕರೆಸುವ ದಾರಿ. ಸಾಲ್ಮನ್‌ನ ಮೂತ್ರಪಿಂಡದ ರೋಗವೊಂದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಸೊರಗಿಸುವ ಗೋಜಿಗೇ ಹೋಗದೆ, ಅದನ್ನು ಹೋಲುವ, ರೋಗ ತರದ ಆರ್ಥ್ರೋಬ್ಯಾಕ್ಟರ್ ಎಂಬುದನ್ನೇ ಜೀವಂತವಾಗಿ ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಅರಮನೆಯ ದೇವಾಜಮ್ಮಣ್ಣಿಯವರು ಹಾಕಿಸಿಕೊಂಡ ಸಿಡುಬಿನ ಲಸಿಕೆಯ ತತ್ತ್ವವೂ ಇದೇ: ದನದ ಸಿಡುಬು ಕೊಟ್ಟು ಮನುಷ್ಯರ ಸಿಡುಬನ್ನು ತಡೆಯುವುದು.

ಸಾಬೀತು ಮಾಡುವ ಕಷ್ಟ

ಸೊರಗಿದ ತಳಿ ಸಿಕ್ಕ ದಿನ ಪ್ರಯೋಗಾಲಯದಲ್ಲಿ ಸಿಹಿ ಹಂಚಬಹುದು, ಕೆಲಸ ಮಾತ್ರ ಮುಗಿದಿರುವುದಿಲ್ಲ. ಮೊದಲು ರಕ್ಷಣೆಯ ಪರೀಕ್ಷೆ. ಲಸಿಕೆ ಕೊಟ್ಟ 100 ಮೀನು ಒಂದು ತೊಟ್ಟಿಯಲ್ಲಿ, ಕೊಡದ 100 ಇನ್ನೊಂದರಲ್ಲಿ. ಕೆಲವು ವಾರ ಬಿಟ್ಟು ಎರಡಕ್ಕೂ ನಿಜವಾದ ಉಗ್ರ ರೋಗಾಣು ತಗುಲಿಸುತ್ತಾರೆ. ಲಸಿಕೆ ಇಲ್ಲದ ತೊಟ್ಟಿಯಲ್ಲಿ 80 ಸತ್ತು, ಲಸಿಕೆ ಪಡೆದ ತೊಟ್ಟಿಯಲ್ಲಿ 16 ಸತ್ತರೆ, ಸಾಯಬೇಕಾಗಿದ್ದ 80ರಲ್ಲಿ 64 ಉಳಿದಂತಾಯಿತು: ಶೇಕಡ 80 ರಕ್ಷಣೆ. ಈ ಅಂಕಿಯನ್ನು ಸಾಪೇಕ್ಷ ಉಳಿವು ಎನ್ನುತ್ತಾರೆ. ಯಾರಾದರೂ ‘ನಮ್ಮ ಲಸಿಕೆ ಕೊಟ್ಟ ಮೀನುಗಳಲ್ಲಿ ಶೇಕಡ 84 ಬದುಕಿದವು’ ಎಂದು ಬರೀ ಒಂದು ತೊಟ್ಟಿಯ ಲೆಕ್ಕ ಹೇಳಿದರೆ ನಂಬಬೇಡಿ. ಲಸಿಕೆ ಇಲ್ಲದ ತೊಟ್ಟಿಯಲ್ಲಿ ಎಷ್ಟು ಸತ್ತವು ಎಂದು ಕೇಳಿ. ಅಲ್ಲಿಯೂ ಶೇಕಡ 80 ಬದುಕಿದ್ದರೆ ಆ ಲಸಿಕೆ ಮಾಡಿದ್ದು ಹೆಚ್ಚೇನೂ ಅಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ಮರಳುವಿಕೆಯ ಪರೀಕ್ಷೆ. ಲಸಿಕೆಯ ಬ್ಯಾಕ್ಟೀರಿಯಾವನ್ನು ಒಂದು ಮೀನಿಗೆ ಕೊಟ್ಟು, ಕೆಲವು ದಿನಗಳ ನಂತರ ಅದರ ಮೂತ್ರಪಿಂಡದಿಂದ ಮತ್ತೆ ಹೊರತೆಗೆದು, ಎರಡನೆಯ ಮೀನಿಗೆ ಕೊಡುತ್ತಾರೆ, ಅದರಿಂದ ಮೂರನೆಯದಕ್ಕೆ. ಹೀಗೆ ಮೀನಿನಿಂದ ಮೀನಿಗೆ ಹಲವು ಸುತ್ತು ದಾಟಿಸಿದರೂ ಅದು ಉಗ್ರವಾಗದಿದ್ದರೆ, ಅಥವಾ ಎರಡು ಮೂರನೆಯ ಸುತ್ತಿಗೇ ಅದು ಸಿಗದೆ ಹೋದರೆ, ಆಗ ಸೊರಗು ಗಟ್ಟಿ ಎಂದು ಅರ್ಥ. ಮಾಮೂಲಿ ಪ್ರಮಾಣದ ಹತ್ತಾರು ಪಟ್ಟು ಕೊಟ್ಟರೂ ಮೀನು ಸಾಯಬಾರದು. ಜೊತೆಗೆ ಮನುಷ್ಯರ ಮಾತಿದೆ. ಎಡ್ವರ್ಡ್ಸಿಯೆಲ್ಲಾ ಇಕ್ಟಲುರಿ ನಮ್ಮ ಮೈಬಿಸಿಗೆ ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ಅದರ ಲಸಿಕೆ ಆ ಮಟ್ಟಿಗೆ ನಿರಾಳ. ಏರೋಮೊನಾಸ್ ಹಾಗಲ್ಲ, ಗಾಯವಿರುವ ಕೈಗೆ ಅದು ಇಳಿಯಬಲ್ಲದು. ಎಸ್-19 ಹಾಕುವ ಪಶುವೈದ್ಯರು ಸೂಜಿ ತಮ್ಮ ಕೈಗೇ ಚುಚ್ಚಿಕೊಳ್ಳದಂತೆ ಎಷ್ಟು ಜಾಗ್ರತೆ ವಹಿಸುತ್ತಾರೋ ಅಷ್ಟೇ ಜಾಗ್ರತೆ ಜೀವಂತ ಏರೋಮೊನಾಸ್ ಲಸಿಕೆಯ ಬಕೆಟ್ಟಿಗೆ ಕೈ ಅದ್ದುವವರಿಗೂ ಬೇಕಾಗುತ್ತದೆ.

ಹೊಳೆಯ ಮಾತು ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ್ದು. ತೋಟದ ಕೆರೆ ಜುಲೈ ಮಳೆಗೆ ಕೋಡಿ ಬಿದ್ದರೆ ಆ ನೀರು ಹಳ್ಳಕ್ಕೆ, ಹಳ್ಳದಿಂದ ಹೇಮಾವತಿಗೋ ಭದ್ರೆಗೋ ತುಂಗೆಗೋ ಸೇರುತ್ತದೆ. ಶೃಂಗೇರಿಯ ಘಟ್ಟದಲ್ಲಿ ಜನ ಮಂಡಕ್ಕಿ ಹಾಕಿ ಕೈಮುಗಿಯುವ ಮೀನುಗಳೂ ಅದೇ ನೀರಿನ ಬಂಧುಗಳು. ಗೆಂಡೆಗೆ ನಿರಪಾಯವಾದ ತಳಿ ಕಾಡುಮೀನಿಗೂ ನಿರಪಾಯವೇ, ನೀರಿನಲ್ಲಿ, ಕೆಸರಿನಲ್ಲಿ ಎಷ್ಟು ದಿನ ಬದುಕುತ್ತದೆ ಎಂಬುದನ್ನು ಪರೀಕ್ಷಿಸದೆ ಯಾವ ಜೀವಂತ ಲಸಿಕೆಯನ್ನೂ ಘಟ್ಟದ ಮೇಲಿನ ಕೆರೆಗಳಿಗೆ ಬಿಡಬಾರದು. ಲಸಿಕೆ ಬೇಕೇ ಬೇಕು ಎಂದು ಹಟ ಹಿಡಿದಿರುವ ನಾನೇ ಈ ಮಾತನ್ನೂ ಹೇಳುತ್ತಿದ್ದೇನೆ.

ಏರೋಮೊನಾಸ್‌ನ ಮತ್ತೊಂದು ತೊಡಕು ಅದರ ಬಹುರೂಪ. ಒಂದು ಕೆರೆಯ ತಳಿಯ ಹೊರಕವಚ ಇನ್ನೊಂದು ಕೆರೆಯದರಂತೆ ಇರುವುದಿಲ್ಲ. ಅಲಬಾಮಾದ ತಳಿಯಿಂದ ಮಾಡಿದ ಲಸಿಕೆ ಮೂಡಿಗೆರೆಯ ಕಾಟ್ಲಾವನ್ನು ಕಾಯುತ್ತದೆ ಎಂದು ಯಾರೂ ಮೊದಲೇ ಭರವಸೆ ಕೊಡಲಾರರು. ಲಸಿಕೆ ಮಾಡಬೇಕಾದರೆ ನಮ್ಮ ಕೆರೆಗಳಿಂದಲೇ ತಳಿಗಳನ್ನು ಕೂಡಿಹಾಕಿ, ಯಾವುದು ಹೆಚ್ಚು ಕಡೆ ಕಾಣಿಸುತ್ತದೆ, ಯಾವುದು ಹೆಚ್ಚು ಉಗ್ರ ಎಂದು ನೋಡಿ ಆರಿಸಬೇಕು.

ನಮ್ಮ ಕೈಯಲ್ಲಿ ಏನಿದೆ

ಮೀನಿಗೆ ಲಸಿಕೆ ಕೊಡುವ ಯೋಚನೆ ಹೊಸದಲ್ಲ. ಕೆನಡಾದ ಡಫ್ ಎಂಬವರು ಟ್ರೌಟ್ ಮೀನಿಗೆ ಕೊಂದ ಬ್ಯಾಕ್ಟೀರಿಯಾವನ್ನು ಮೇವಿನಲ್ಲಿ ಕೊಟ್ಟು ರಕ್ಷಣೆ ಸಿಕ್ಕಿತೆಂದು ಬರೆದದ್ದು 1942ರಲ್ಲಿ. ಮೊದಲ ಪರವಾನಗಿ ಪಡೆದ ಮೀನಿನ ಲಸಿಕೆ ಅಮೆರಿಕದಲ್ಲಿ 1976ರಲ್ಲಿ ಬಂತು. ಚೀನಾದವರು ಟರ್ಬಟ್ ಮೀನಿಗೆ ಎಡ್ವರ್ಡ್ಸಿಯೆಲ್ಲಾದ ಜೀವಂತ ಲಸಿಕೆಗೆ 2015ರಲ್ಲಿ ಅನುಮತಿ ಕೊಟ್ಟರು. ಚಿಲಿ ದೇಶದಲ್ಲಿ ಸಾಲ್ಮನ್‌ಗೆ ಜೀವಂತ ಬ್ಯಾಕ್ಟೀರಿಯಾ ಲಸಿಕೆ ಬಳಕೆಯಲ್ಲಿದೆ.

ನಮ್ಮ ನಾಡಿನ ಕೊಡುಗೆಯನ್ನೂ ಹೇಳಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ 1990ರ ದಶಕದಲ್ಲಿ ಏರೋಮೊನಾಸ್ ಹೈಡ್ರೋಫಿಲಾವನ್ನು ಕೈಟಿನ್ ಚೂರುಗಳ ಮೇಲೆ, ಅಂದರೆ ಸೀಗಡಿ ಸಿಪ್ಪೆಯಲ್ಲಿರುವ ಪದಾರ್ಥದ ಮೇಲೆ, ಲೋಳೆಪದರವಾಗಿ ಬೆಳೆಸಿ, ಕೊಂದು, ಗೆಂಡೆಗಳ ಮೇವಿನಲ್ಲಿ ಕೊಟ್ಟು ನೋಡಿದರು. ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಂಡ ಅಂಟಿನ ಪದರವೇ ಕರುಳಿನ ಜೀರ್ಣರಸದಿಂದ ಅದನ್ನು ಕಾಪಾಡಿತು. ಬಿಡಿಬಿಡಿಯಾಗಿ ಬೆಳೆಸಿ ಕೊಂದದ್ದಕ್ಕಿಂತ ಒಳ್ಳೆಯ ರಕ್ಷಣೆ ಸಿಕ್ಕಿತು. ಅದು ಜೀವಂತ ಲಸಿಕೆಯಲ್ಲ, ಆದರೆ ಜೀವಂತ ಲಸಿಕೆ ಬಿಡಿಸಹೊರಟ ಅದೇ ಗಂಟನ್ನು ಬೇರೆ ತುದಿಯಿಂದ ಬಿಡಿಸುವ ಜಾಣ್ಮೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ, ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಗಳು ಕೂಡ ಈಚಿನ ವರ್ಷಗಳಲ್ಲಿ ಏರೋಮೊನಾಸ್, ಎಡ್ವರ್ಡ್ಸಿಯೆಲ್ಲಾ, ಕಾಲಮ್ನೇರ್ ವಿರುದ್ಧದ ಲಸಿಕೆಗಳನ್ನು ಮಾರುಕಟ್ಟೆಗೆ ತರಲು ಲಸಿಕೆ ಕಂಪನಿಯೊಂದಿಗೆ ಕೈಜೋಡಿಸಿವೆ. ಮೂಡಿಗೆರೆ, ಬೇಲೂರು, ಹಾಸನದ ಔಷಧಿ ಅಂಗಡಿಗಳಲ್ಲಿ ಕೇಳಿದರೆ ಮಾತ್ರ ಗೆಂಡೆಗೆ ಜೀವಂತ ಲಸಿಕೆ ನನಗೆ ಎಲ್ಲೂ ಸಿಕ್ಕಿಲ್ಲ.

ಸಿಕ್ಕ ದಿನ ಅದನ್ನು ಕೊಡುವ ಜಾಗ ನಮ್ಮ ಕೆರೆಯ ದಡವಲ್ಲ, ಮೀನುಮರಿ ಕೇಂದ್ರ. ಮರಿಗಳನ್ನು ಎಣಿಸಿ, ಪಾಲಿಥೀನ್ ಚೀಲದಲ್ಲಿ ಆಮ್ಲಜನಕ ತುಂಬಿ ಕಟ್ಟುವ ಮೊದಲು ಒಂದು ತೊಟ್ಟಿಯಲ್ಲಿ ಲಸಿಕೆ ಬೆರೆಸಿ ಕೆಲವು ನಿಮಿಷ ಅದ್ದಿದರೆ ಲಕ್ಷಾಂತರ ಮರಿಗಳಿಗೆ ಒಂದೇ ಬೆಳಿಗ್ಗೆ ಲಸಿಕೆ ಮುಗಿಯುತ್ತದೆ. ಆದರೆ ವಯಸ್ಸು ನೋಡಬೇಕು. ಅಮೆರಿಕದಲ್ಲಿ ಆರ್‌ಇ-33 ಲಸಿಕೆಯನ್ನು ಮೊಟ್ಟೆಯೊಡೆದು ಏಳರಿಂದ ಹತ್ತು ದಿನವಾದ ಮರಿಗಳಿಗೆ ಕೊಡುತ್ತಿದ್ದರು. ಅಷ್ಟು ಎಳೆಯ ಮರಿಯ ರಕ್ಷಣಾ ಪಡೆ ಇನ್ನೂ ಅರೆಬಲಿತದ್ದು. ಕೆರೆಗಳಲ್ಲಿ ಫಲ ನಿರೀಕ್ಷೆಯಷ್ಟು ಬರಲಿಲ್ಲ, ರೈತರೂ ಹೆಚ್ಚಾಗಿ ಒಪ್ಪಿಕೊಳ್ಳಲಿಲ್ಲ. ಆಮೇಲೆ ಮಿಸಿಸಿಪಿಯ ಸಂಶೋಧಕರು ಬೇರೊಂದು ಸೊರಗಿದ ತಳಿಯನ್ನು ಬಲಿತ ಮರಿಗಳಿಗೆ ಮೇವಿನ ಜೊತೆಯಲ್ಲೇ ಕೊಡುವ ಯಂತ್ರ ರೂಪಿಸಿದ ಮೇಲೆ ಕೆಲಸ ಹಿಡಿತಕ್ಕೆ ಬಂತು.

ಜೀವಂತ ಲಸಿಕೆಯನ್ನು ಕೊಲ್ಲುವುದು ಬಹಳ ಸುಲಭ ಎಂಬುದೂ ನೆನಪಿರಬೇಕು. ನಲ್ಲಿಯ ಕ್ಲೋರಿನ್ ನೀರಿನಲ್ಲಿ ಕಲಸಿದರೆ ಅದು ಅಲ್ಲಿಯೇ ಸತ್ತಿತು. ಆ ವಾರದಲ್ಲಿ ಆಂಟಿಬಯೋಟಿಕ್ ಮೇವು ಕೊಟ್ಟಿದ್ದರೆ ಮೀನಿನೊಳಗೆ ಸತ್ತಿತು. ಐಸ್ ಪೆಟ್ಟಿಗೆಯ ತಂಪು ತಪ್ಪಿ ಬಸ್ಸಿನ ಮೇಲೆ ಬಿಸಿಲಿನಲ್ಲಿ ಬಂದರೆ ದಾರಿಯಲ್ಲೇ ಸತ್ತಿತು. ಹೊರಗಿನಿಂದ ನೋಡಿದರೆ ಬಾಟಲಿ ಹಾಗೆಯೇ ಇರುತ್ತದೆ.

ಗೆಳೆಯರಿಗೆ ಇದನ್ನೆಲ್ಲ ಹೇಳಿದಾಗ ಅವರು, “ಅಲ್ಲಿಯವರೆಗೆ ನಾನು ಏನು ಮಾಡಲಿ?” ಎಂದರು. ಎರಡು ಕೆಲಸ ಮಾಡಿದೆವು. ಕೆರೆಯ ನಡುವೆ ಒಂದು ಅಡಿಕೆ ದಬ್ಬೆ ನೆಟ್ಟು, ಸೊಂಟದ ಮಟ್ಟಕ್ಕೆ ಕೆಂಪು ಬಣ್ಣ ಬಳಿದೆವು. ಹೂವಿಗೆ ನೀರು ಹಾರಿಸುವಾಗ ಆ ಗೆರೆಗಿಂತ ಕೆಳಗೆ ಇಳಿಸುವುದಿಲ್ಲ ಎಂದು ಅವರು ಒಪ್ಪಿಕೊಂಡರು. ಇಳಿಸಲೇಬೇಕಾದರೆ ಅದಕ್ಕೆ ಮೊದಲೇ ದೊಡ್ಡ ಮೀನುಗಳನ್ನು ಹಿಡಿದು ಮಾರುವುದು.

ಎರಡನೆಯದು ಮಾದರಿ ಕಳಿಸುವ ಕೆಲಸ. ಸತ್ತು ನಾರುವ ಮೀನನ್ನು ಪ್ರಯೋಗಾಲಯಕ್ಕೆ ಒಯ್ದರೆ ಪ್ರಯೋಜನವಿಲ್ಲ. ಏರೋಮೊನಾಸ್ ಎಲ್ಲ ನೀರಿನಲ್ಲೂ ಇರುವುದರಿಂದ ಯಾವ ಕಾರಣಕ್ಕೆ ಸತ್ತ ಮೀನನ್ನು ಕೊಯ್ದರೂ ಅದೇ ಸಿಗುತ್ತದೆ. ಬೇಕಾದದ್ದು ಕಾಯಿಲೆ ಬಿದ್ದೂ ಇನ್ನೂ ಉಸಿರಾಡುತ್ತಿರುವ ಮೀನು. ಅದರ ಮೂತ್ರಪಿಂಡದಿಂದ ತೆಗೆದ ಬ್ಯಾಕ್ಟೀರಿಯಾಕ್ಕೆ ಮಾತ್ರ ಬೆಲೆ. ನಮ್ಮ ಕೆರೆಗೆ ಒಗ್ಗುವ ಲಸಿಕೆ ಎಂದಾದರೂ ಹುಟ್ಟಿದರೆ ಅಂಥ ತಳಿಯಿಂದಲೇ ಹುಟ್ಟಬೇಕು. ಮೂರು ಕಾಟ್ಲಾಗಳನ್ನು ಮರಿ ತಂದಿದ್ದ ಅದೇ ಬಗೆಯ ಚೀಲದಲ್ಲಿ ಆಮ್ಲಜನಕ ತುಂಬಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಕೆರೆಯ ಹೆಸರು, ನೀರಿನ ಬಿಸಿ, ಮೀನು ಬಿಟ್ಟ ತಿಂಗಳು ಬರೆದ ಚೀಟಿ ಅಂಟಿಸಿದೆವು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಕಾರಿನ ಹಿಂದಿನ ಸೀಟಿನಲ್ಲಿ ಗೆಳೆಯರ ಮಗಳು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ತಿರುವು ತಿರುವಿಗೂ ಮುಚ್ಚಳ ತೆಗೆದು ಕಿವಿರು ಆಡುತ್ತಿದೆಯೇ ಎಂದು ನೋಡುತ್ತ ಮಂಗಳೂರಿನವರೆಗೆ ಹೋದಳು.